ಸಿದ್ದಿ ಕೌದಿ: ಒಂದು ಸಹಕಾರ ಕೂಟದ ಚರಿತ್ರೆ

2004ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳು ತಾವು ಹೊಲಿದ ಕೌದಿಗಳನ್ನು ಮಾರಲು ಒಂದು ಸಹಕಾರ ಕೂಟ ಕಟ್ಟಿಕೊಂಡರು. ಏಳು ವರ್ಷ ಕಳೆಯುವುದರೊಳಗೆ ಅವರ ಕೌದಿಗಳು ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿ ಗೋಡೆಯ ಮೇಲೆ ತೂಗಿದವು. ಹರಕು ಸೀರೆ, ಸವೆದ ಅಂಗಿ, ಮಕ್ಕಳ ಹಳೆಯ ಲಂಗಗಳಿಂದ ಆದ ಹೊದಿಕೆಗೆ ಈ ಬೆಲೆ ಬಂದದ್ದು ಹೇಗೆ, ಅದರ ಹಿಂದೆ ಯಾವ ನಂಬಿಕೆ ಕೆಲಸ ಮಾಡಿತು, ಇಂಥದೇ ಕೂಟ ದೂರದ ಅಲಬಾಮಾದಲ್ಲಿ ಹೇಗೆ ಬೆಳೆಯಿತು, ಹೇಗೆ ಮುಚ್ಚಿತು ಎಂಬುದನ್ನು ದಾಖಲಿಸುವುದು ಈ ಲೇಖನದ ಉದ್ದೇಶ. ಕೌದಿ ಧಾರವಾಡ ಜಿಲ್ಲೆಯ ನಮ್ಮ ಶಲವಡಿ ಸೀಮೆಗೂ ಹೊಸದಲ್ಲ. ಇಲ್ಲಿ ಬಾಣಂತಿಯ ಹಾಸಿಗೆಯಿಂದ ಹೊಲದ ಕಾವಲು ಗುಡಿಸಲಿನವರೆಗೆ ಕೌದಿ ಇಲ್ಲದ ಮನೆ ಇರಲಿಲ್ಲ. ಆದರೆ ಅದನ್ನು ಹೊಲಿದವರ ಹೆಸರು ಯಾರೂ ಬರೆದಿಡಲಿಲ್ಲ.

ಕಾಡಿನ ಅಂಚಿನ ನೆರೆಯವರು

ಶಲವಡಿಯಿಂದ ಹುಬ್ಬಳ್ಳಿಗೆ ಹೋಗಿ ಕಲಘಟಗಿ ರಸ್ತೆ ಹಿಡಿದರೆ ಯರಿಹೊಲ ಹಿಂದೆ ಸರಿದು ಕಾಡು ಶುರುವಾಗುತ್ತದೆ. ಕಿರವತ್ತಿ ದಾಟಿದರೆ ಯಲ್ಲಾಪುರ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೊಯಿಡಾ ತಾಲ್ಲೂಕುಗಳಲ್ಲಿ ಸಿದ್ದಿಗಳ ಊರು, ಕೇರಿಗಳಿವೆ. ನಮ್ಮ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿಯೂ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿಯೂ ಅವರಿದ್ದಾರೆ. ಧಾರವಾಡ ಜಿಲ್ಲೆಯವರಿಗೆ ಸಿದ್ದಿಗಳು ದೂರದವರಲ್ಲ, ನೆರೆಯವರು.

ಅವರ ಹಿರಿಯರು ಪೂರ್ವ ಆಫ್ರಿಕಾದವರು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ಗುಲಾಮರನ್ನು ಗೋವೆಗೆ ತಂದರು. ಹೀಗೆ ಬಂದವರಲ್ಲಿ ಅನೇಕರು ಒಡೆಯರ ಹೊಡೆತ ತಾಳಲಾರದೆ ಘಟ್ಟ ಹತ್ತಿ ಕಾಡು ಸೇರಿದರು. ಆಫ್ರಿಕಾ ಮೂಲದವರು ದಖ್ಖನ್ನಿನ ಸುಲ್ತಾನರ ಸೇನೆಗೂ ಬಂದಿದ್ದರು. ಗುಲಾಮನಾಗಿ ಬಂದು ಅಹಮದನಗರದ ಆಡಳಿತದ ಚುಕ್ಕಾಣಿ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಘಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್, ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಇಬ್ಬರೂ ಆಫ್ರಿಕಾ ಮೂಲದವರೇ. ದರ್ಬಾರಿನ ಚರಿತ್ರೆ ಚಿತ್ರಗಳಲ್ಲಿ ಉಳಿಯಿತು. ಕಾಡು ಸೇರಿದವರ ಚರಿತ್ರೆಯನ್ನು ಬರೆಯುವವರು ಇರಲಿಲ್ಲ. ಅವರು ತೋಟದ ಒಡೆಯರ ಮನೆಗಳಲ್ಲಿ ಕೂಲಿಯಾಗಿ, ಕಾಡಿನಲ್ಲಿ ಜೇನು, ಕಟಗಿ ತಂದು ಬದುಕಿದರು. ಮೈಬಣ್ಣ, ಗುಂಗುರು ಕೂದಲು ಕಂಡು ನಗುವವರ ನಡುವೆ ತಲೆತಲಾಂತರ ಕಳೆದರು.

ಆದರೂ ಒಂದು ಮಾತು ಗಮನಿಸಬೇಕು. ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಂದು ಮಾತು ಬೇರೆಬೇರೆಯಾದರೂ, ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ದೇವರು ಬೇರೆಬೇರೆಯಾದರೂ, ಬಹಳ ಮಂದಿ ತಮ್ಮ ಹೆಸರಿನ ಮುಂದೆ 'ಸಿದ್ದಿ' ಎಂದೇ ಬರೆಸುತ್ತಾರೆ. ಶಾಲೆಯ ದಾಖಲಾತಿಯಲ್ಲಿ, ಪಡಿತರ ಚೀಟಿಯಲ್ಲಿ ಅದೇ ಅವರ ಅಡ್ಡಹೆಸರು. ಹೀಗಳೆಯಲು ಬಳಸಿದ ಗುರುತನ್ನೇ ತಲೆ ಎತ್ತಿ ಹೇಳಿಕೊಳ್ಳುವುದು ಸಣ್ಣ ಕೆಲಸವಲ್ಲ. ಅಮೆರಿಕದ ಕರಿಯರು 1960ರ ದಶಕದಲ್ಲಿ ತಮ್ಮ ಬಣ್ಣ, ಕೂದಲು, ಉಡುಪುಗಳ ಬಗ್ಗೆ ಮಾಡಿದ್ದೂ ಇದನ್ನೇ.

ಸರ್ಕಾರದ ಕಣ್ಣಿಗೆ ಸಿದ್ದಿಗಳು ಮೊದಲು ಬಿದ್ದದ್ದು ಕಸುಬಿನಿಂದಲ್ಲ, ಮೈಕಟ್ಟಿನಿಂದ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ, ಹುಡುಗಿಯರನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಕೆಲವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಅವರ ತಾಯಂದಿರು ಮಳೆಗಾಲದ ರಾತ್ರಿಗಳಿಗಾಗಿ ಹೊಲಿಯುತ್ತಿದ್ದ ಕೌದಿಯಲ್ಲಿ ಇನ್ನೊಂದು ಬಗೆಯ ಪ್ರತಿಭೆ ಇತ್ತು. ಅದನ್ನು ಆಗ ಯಾರೂ ಕೇಳಲಿಲ್ಲ.

ಕೌದಿ ಹೊಲಿಯುವ ಬಗೆ

ಸಿದ್ದಿ ಹೆಂಗಸು ಕೌದಿಗೆ ಮೊದಲು ಕೆಳಗಿನ ಹಾಸು ಹುಡುಕುತ್ತಾಳೆ. ಸಾಮಾನ್ಯವಾಗಿ ಅದೊಂದು ಹಳೆಯ ಸೀರೆ. ಅದರ ಮೇಲೆ ಅರಿವಿ ತುಂಡುಗಳನ್ನು ಇಡುತ್ತ ಒಂದು ಮೂಲೆಯಿಂದ ಹೊಲಿಗೆ ಶುರುಮಾಡುತ್ತಾಳೆ. ಅಂಚಿನ ಗುಂಟ ನಾಲ್ಕೂ ಕಡೆ ಸುತ್ತಿ ಬಂದು, ಮತ್ತೆ ಅದರ ಒಳಗಿನ ಸುತ್ತು, ಅದರ ಒಳಗೆ ಇನ್ನೊಂದು. ಹೀಗೆ ಸುತ್ತು ಕಿರಿದಾಗುತ್ತ ಕೊನೆಗೆ ನಟ್ಟನಡುವೆ ಮುಗಿಯುತ್ತದೆ. ಕಾಗದದ ಮೇಲೆ ಬರೆದುಕೊಂಡ ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಕೆಂಪು ತುಂಡಿನ ಪಕ್ಕ ಹಳದಿ ಇಡಬೇಕೋ ಕರಿದು ಇಡಬೇಕೋ ಎಂಬುದನ್ನು ಕೈಗೆ ಸಿಕ್ಕ ತುಂಡು ಮತ್ತು ಕಣ್ಣು ಎರಡೂ ಕೂಡಿ ತೀರ್ಮಾನಿಸುತ್ತವೆ. ಸಣ್ಣ ಸಣ್ಣ ಟಾಕಾಗಳು ಒಂದರ ಹಿಂದೊಂದು ಸಾಲಾಗಿ ಓಡಿ, ಕೌದಿಯ ಮೈಮೇಲೆ ಉತ್ತ ಹೊಲದ ಸಾಲಿನಂತೆ ಎದ್ದು ಕಾಣುತ್ತವೆ.

ನಾಲ್ಕು ಮೂಲೆಗಳಲ್ಲಿ ಮಡಿಸಿದ ಮುಕ್ಕೋನದ ಅರಿವಿ ತುಂಡುಗಳನ್ನು ಹಚ್ಚುತ್ತಾರೆ. ಇದಕ್ಕೆ ಅವರು 'ಫೂಲ' ಅಂದರೆ ಹೂವು ಅನ್ನುತ್ತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬರಿಮೈಯ ಕೌದಿ. ಕೆಲವರು ನಡುವಿನ ಕೊನೆಯ ತುಂಡನ್ನು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ. ಹೊದ್ದವರ ಹೊಟ್ಟೆ ತುಂಬಿರಲಿ ಎಂಬ ಹಾರೈಕೆ ಅದು. ಕೂಸಿಗೆ ಹೊಲಿದದ್ದು ಸಣ್ಣದು, ಅದರಲ್ಲಿ ತುಂಡುಗಳೂ ಸಣ್ಣವು, ಬಣ್ಣ ಹೆಚ್ಚು. ದೊಡ್ಡ ಕುಟುಂಬಕ್ಕೆ ಹೊಲಿದದ್ದರ ಕೆಳಗೆ ಮೂರು ನಾಲ್ಕು ಮಂದಿ ಒತ್ತಿ ಮಲಗಬಹುದು.

ನಮ್ಮ ಕಡೆಯ ಕೌದಿಯನ್ನು ಬಲ್ಲವರಿಗೆ ಇಲ್ಲಿ ಗುರುತಿನದೂ ಉಂಟು, ಹೊಸದೂ ಉಂಟು. ಪದರಗಳ ಮೇಲೆ ಟಾಕಾ ಹಾಕುವುದು ಎರಡೂ ಕಡೆ ಒಂದೇ. ಅಂಚಿನಿಂದ ನಡುವಿಗೆ ಸುತ್ತಿ ಬರುವ ಕ್ರಮ, ಮೂಲೆಯ ಹೂವು, ಬಣ್ಣಗಳನ್ನು ಎದುರುಬದುರು ನಿಲ್ಲಿಸುವ ಧೈರ್ಯ ಸಿದ್ದಿ ಕೌದಿಯ ಗುರುತು.

ನಂಬಿಕೆ ಕೊಟ್ಟ ಬೆನ್ನೆಲುಬು

ಸಿದ್ದಿ ಕೌದಿಯನ್ನು ನೋಡಿ ಹೊಲಿದವಳ ಧರ್ಮವನ್ನು ಒಮ್ಮೊಮ್ಮೆ ಹೇಳಬಹುದು. ಕ್ರೈಸ್ತ ಹೆಂಗಸರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಹೆಂಗಸರ ಕೌದಿಯಲ್ಲಿ ಅರ್ಧಚಂದ್ರ ಕಾಣುವುದುಂಟು. ಹಿಂದೂ ಸಿದ್ದಿಗಳ ಮನೆಗಳಲ್ಲಿ ಹಿರಿಯರ ಪೂಜೆಗೆ ದೊಡ್ಡ ಸ್ಥಾನ. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿರುವ ಸಿದ್ದಿನಾಸ ದೇವರ ಜಾತ್ರೆಗೆ ಮೂರೂ ಧರ್ಮದ ಸಿದ್ದಿಗಳು ಸೇರುತ್ತಾರೆ. ದಮಾಮಿ ಎಂಬ ಚರ್ಮವಾದ್ಯದ ಬಡಿತಕ್ಕೆ ಕುಣಿಯುವಾಗ ಯಾರ ದೇವರು ಯಾರೆಂದು ಕೇಳುವವರಿಲ್ಲ. ಚದುರಿಹೋದ ಜನ ತಾವು ಒಂದೇ ಬಳ್ಳಿಯವರು ಎಂದು ಮತ್ತೆ ಮತ್ತೆ ನೆನಪಿಸಿಕೊಂಡದ್ದು ಹೀಗೆ.

ಸಹಕಾರ ಕೂಟಕ್ಕೆ ಇದು ದೊಡ್ಡ ಬಂಡವಾಳ. ಮೂರು ಧರ್ಮದ ಹೆಂಗಸರು ಒಂದು ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಬೇಕಾದರೆ ಅವರಲ್ಲಿ ಮೊದಲೇ ಒಂದು ನಂಟು ಇರಬೇಕು. ಸಾಲ, ಸಬ್ಸಿಡಿಯಿಂದ ಆ ನಂಟು ಹುಟ್ಟುವುದಿಲ್ಲ.

ನಂಬಿಕೆ ಕಸುಬಿಗೆ ಬೆನ್ನೆಲುಬಾಗುವುದು ಕನ್ನಡ ನಾಡಿಗೆ ಹೊಸದಲ್ಲ. 12ನೇ ಶತಮಾನದ ಶರಣರ ಬಳಗದಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದ, ನೂಲುವ ಕದಿರ ರೆಮ್ಮವ್ವೆ ಇದ್ದಳು. ನೇಕಾರರು ಇಂದಿಗೂ ಜೇಡರ ದಾಸಿಮಯ್ಯನನ್ನು ತಮ್ಮ ಹಿರಿಯನೆಂದು ಕೊಂಡಾಡುತ್ತಾರೆ. ಹೊಲಿಯುವ, ನೂಲುವ, ನೇಯುವ ಕೈಗೆ ದೇವರ ಮುಂದೆ ಸರಿಸಮ ಜಾಗವಿದೆ ಎಂದು ಶರಣರು ಹೇಳಿದಾಗ ಕಸುಬಿಗೆ ಅಂಟಿಕೊಂಡಿದ್ದ ಕೀಳರಿಮೆ ಸಡಿಲವಾಯಿತು. ಅವರು ತಮ್ಮ ಕಸುಬಿನ ಹೆಸರನ್ನು ಬಚ್ಚಿಡಲಿಲ್ಲ, ಹೆಸರಿನ ಮುಂದೆಯೇ ಇಟ್ಟುಕೊಂಡರು.

2004: ಕೂಟ ಹುಟ್ಟಿದ ವರ್ಷ

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಕಲೆಯನ್ನು ಕಲಿಸುತ್ತಿದ್ದ ಹೆನ್ರಿ ಡ್ರೂವಲ್ ಆಫ್ರಿಕಾದಿಂದ ಹೊರನಾಡಿಗೆ ಹೋದವರ ಕಲೆಯನ್ನು ಹುಡುಕಿಕೊಂಡು ಉತ್ತರ ಕನ್ನಡಕ್ಕೆ ಬಂದರು. ಸಿದ್ದಿ ಮನೆಗಳಲ್ಲಿ ಅವರಿಗೆ ಕಂಡದ್ದು ಬೇಲಿಯ ಮೇಲೆ ಒಣಹಾಕಿದ ಕೌದಿಗಳು. ಮುಂಡಗೋಡ ತಾಲ್ಲೂಕಿನ ಮೈನಳ್ಳಿ, ಗುಂಜಾವತಿಯಂಥ ಊರುಗಳ ಹೆಂಗಸರೊಂದಿಗೆ ಕುಳಿತು ಮಾತಾಡಿದ ಮೇಲೆ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಕೂಟ ರೂಪುಗೊಂಡಿತು.

ಕೂಟದ ಕ್ರಮ ಸರಳ. ಮನೆಗೆಲಸ, ಕೂಲಿ ಮುಗಿಸಿ ಬಿಡುವಾದಾಗ ಹೆಂಗಸರು ಮನೆಯಲ್ಲಿಯೇ ಹೊಲಿಯಬೇಕು. ಯಾವ ಬಣ್ಣ, ಯಾವ ಆಕಾರ ಎಂದು ಹೊರಗಿನವರು ಹೇಳುವಂತಿಲ್ಲ. ಮಾರಾಟವಾದ ಕೌದಿಯ ಹಣ ಹೊಲಿದವಳಿಗೆ ಸೇರಬೇಕು. ಇಲ್ಲಿ ಒಂದು ಬದಲಾವಣೆ ನಡೆಯಿತು. ಮನೆಮಂದಿಗಾಗಿ ಹೊಲಿಯುವಾಗ ಕೌದಿಗೆ ಬೆಲೆ ಇರಲಿಲ್ಲ, ಹೊಲಿದವಳಿಗೆ ಹೆಸರೂ ಇರಲಿಲ್ಲ. ಮಾರುಕಟ್ಟೆಗೆ ಹೋಗುವಾಗ ಕೌದಿಯ ಜೊತೆ ಅವಳ ಹೆಸರು, ಊರಿನ ಹೆಸರು ಹೋದವು. ಕಲೆ ಎಂದು ಕೊಳ್ಳುವವನಿಗೆ ಕೈ ಯಾರದೆಂದು ತಿಳಿಯಬೇಕು ತಾನೇ.

2011ರಲ್ಲಿ ಹಾರ್ಲೆಮ್ಮಿನ ಷೊಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಕರಿಯರ ಚರಿತ್ರೆ, ಸಂಸ್ಕೃತಿಗೆ ಸಂಬಂಧಿಸಿದ ಪುಸ್ತಕ, ಕಡತಗಳನ್ನು ಕಾಪಿಡುವ ಈ ಸಂಸ್ಥೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಅಂಗ. ಆಫ್ರಿಕಾದ ಮಕ್ಕಳು ಕರ್ನಾಟಕದ ಕಾಡಿನಲ್ಲಿಯೂ ಇದ್ದಾರೆ, ಅವರ ಹೊಲಿಗೆ ನಮ್ಮ ಅಜ್ಜಿಯರ ಹೊಲಿಗೆಗೆ ಬಹಳ ಹತ್ತಿರ ಎಂಬುದು ಅಲ್ಲಿಯ ಕರಿಯ ಜನಕ್ಕೆ ಮನವರಿಕೆಯಾಯಿತು.

ಅಲಬಾಮಾದ ಹಿರಿಯಕ್ಕ

ಆ ಹತ್ತಿರದ ನಂಟು ಏನೆಂದು ತಿಳಿಯಲು ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಗೆ ಹೋಗಬೇಕು. ಅದೂ ನಮ್ಮದರಂತೆ ಹತ್ತಿಯ ಸೀಮೆ. ಅಲ್ಲಿಯ ಹತ್ತಿಗೂ ನಮ್ಮ ಯರಿಭೂಮಿಗೂ ಹಳೆಯ ಸಂಬಂಧ ಉಂಟು. 1840ರ ದಶಕದಲ್ಲಿ ಬ್ರಿಟಿಷರು ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ಬೀಜ ಬಿತ್ತಿಸಿದರು. 1861ರಿಂದ 1865ರವರೆಗೆ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಲ್ಲಿ ಅಂತರ್ಯುದ್ಧ ನಡೆದು ಹತ್ತಿ ರಫ್ತು ನಿಂತಾಗ ಇಂಗ್ಲೆಂಡಿನ ಗಿರಣಿಗಳು ಧಾರವಾಡದ ಹತ್ತಿಗೆ ಕೈಚಾಚಿದವು, ಇಲ್ಲಿ ಬೆಲೆ ಗಗನಕ್ಕೇರಿತು. ಅಲ್ಲಿಯ ಗುಲಾಮರ ಬಿಡುಗಡೆಯ ಯುದ್ಧ ನಡೆದಷ್ಟು ಕಾಲ ನಮ್ಮ ರೈತರ ಕೈಯಲ್ಲಿ ದುಡ್ಡು ಓಡಾಡಿತು.

ವಿಲ್ಕಾಕ್ಸ್ ಕೌಂಟಿಯ ಜೀಸ್ ಬೆಂಡ್ ಊರಿನ ಬಹಳಷ್ಟು ಮನೆತನಗಳಿಗೆ ಪೆಟ್‌ವೇ ಎಂಬುದೇ ಅಡ್ಡಹೆಸರು. ಅದು ಅವರ ಹಿರಿಯರನ್ನು ಕೊಂಡ ಜಮೀನ್ದಾರನ ಹೆಸರು. 1965ರ ಆರಂಭದವರೆಗೂ ಕರಿಯರೇ ಹೆಚ್ಚಾಗಿದ್ದ ಆ ಕೌಂಟಿಯಲ್ಲಿ ಮತದಾರರ ಪಟ್ಟಿಯಲ್ಲಿ ಒಬ್ಬ ಕರಿಯನ ಹೆಸರೂ ಇರಲಿಲ್ಲ. ಆ ಫೆಬ್ರುವರಿಯಲ್ಲಿ ಕರಿಯರ ಹಕ್ಕುಗಳ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಜೀಸ್ ಬೆಂಡಿನ ಚರ್ಚಿಗೆ ಬಂದು ಮಾತಾಡಿದರು. ಮತದಾರರಾಗಲು ಹೊರಟವರನ್ನು ಒಡೆಯರು ಒಕ್ಕಲಿನಿಂದ ಎಬ್ಬಿಸಿದರು.

ಆ ವರ್ಷದ ಕೊನೆಗೆ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ, ಹಕ್ಕುಗಳ ಹೋರಾಟದ ಕೆಲಸದ ಮೇಲೆ ಸುತ್ತುತ್ತಿದ್ದಾಗ, ಬಟ್ಟೆ ಒಣಹಾಕುವ ಹಗ್ಗದ ಮೇಲಿದ್ದ ಕೌದಿಗಳನ್ನು ಕಂಡರು. ಹೆಂಗಸರಿಂದ ಅವನ್ನು ಕೊಂಡು ನ್ಯೂಯಾರ್ಕಿನಲ್ಲಿ ಹರಾಜು ಹಾಕಿಸಿದರು. 1966ರ ಮಾರ್ಚಿನಲ್ಲಿ ಒಂದು ಚರ್ಚಿನಲ್ಲಿ ಹೆಂಗಸರು ಸೇರಿ ಫ್ರೀಡಮ್ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಸಂಘವನ್ನು ಬಹುಕಾಲ ನಡೆಸಿದವರು ಎಸ್ಟೆಲ್ ವಿದರ್‌ಸ್ಪೂನ್. ಬಂದ ಲಾಭದಲ್ಲಿ ಸಂಘ 23 ಎಕರೆ ಭೂಮಿ ಕೊಂಡಿತು, ಒಕ್ಕಲಿನಿಂದ ಎಬ್ಬಿಸಲ್ಪಟ್ಟ ಕುಟುಂಬಗಳಿಗೆ ಮನೆ ಕಟ್ಟಲು ಅದರಲ್ಲಿ ಜಾಗ ಮಾರಿತು, ಕಿಂಗ್ ಅವರ ಹೆಸರಿನಲ್ಲಿ ಹೊಲಿಗೆ ಕೇಂದ್ರ ಕಟ್ಟಿತು. ಕೌದಿಯ ದುಡ್ಡಿನಿಂದ ಮತದಾರನಿಗೆ ನೆಲೆ ಸಿಕ್ಕಿದ ಉದಾಹರಣೆ ಇದು.

ಆದರೆ ಈ ಸಂಘದ ಚರಿತ್ರೆಯಲ್ಲಿ ಎಚ್ಚರಿಕೆಯೂ ಇದೆ. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆಗಳಿಗೆ ಆರ್ಡರ್ ಕೊಟ್ಟಿತು. ನಿತ್ಯದ ಸಂಬಳ ಬಂತು, ಹೆಂಗಸರ ಮನೆಗಳಿಗೆ ಅನುಕೂಲವಾಯಿತು. ಆದರೆ ದೊಡ್ಡ ಆರ್ಡರಿಗೆ ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಹೊಲಿಗೆ ಬೇಕು. ಒಬ್ಬೊಬ್ಬಳ ಕೈಗೂ ಇದ್ದ ಗುರುತು ಅಲ್ಲಿ ದೋಷವಾಯಿತು. ಮುಂದೆ ಆರ್ಡರುಗಳು ಕಡಿಮೆಯಾದವು, ಹಿರಿಯರು ತೀರಿಕೊಂಡರು, 2012ರಲ್ಲಿ ಸಂಘ ಮುಚ್ಚಿತು. ಇತ್ತ 2002ರಲ್ಲಿ ಜೀಸ್ ಬೆಂಡಿನ ಮನೆಗಳಲ್ಲಿ ತಮ್ಮ ಪಾಡಿಗೆ ಹೊಲಿದಿಟ್ಟಿದ್ದ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೆ ಬಂದು ಹೆಸರು ಗಳಿಸಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರಡಿಸಿತು. ಒಂದೇ ಅಳತೆಯ ದಿಂಬಿನ ಹೊದಿಕೆಗಳನ್ನು ಇಂದು ನೆನೆಯುವವರು ಕಡಿಮೆ.

ಹತ್ತಿಯ ದಾರ ಹಿಡಿದು

ಕರಿಯರ ಸ್ವಾಭಿಮಾನ ಬಟ್ಟೆಯ ವ್ಯಾಪಾರಕ್ಕೆ ಇಳಿದದ್ದು ಅಲಬಾಮಾದಲ್ಲಿ ಮೊದಲಲ್ಲ. ಜಮೈಕಾದ ಮಾರ್ಕಸ್ ಗಾರ್ವೆ 1914ರಲ್ಲಿ ಕರಿಯರ ಸಂಘಟನೆಯೊಂದನ್ನು ಹುಟ್ಟುಹಾಕಿದರು. ಹಾರ್ಲೆಮ್ಮಿಗೆ ಬಂದ ಮೇಲೆ ಅವರ ಚಳವಳಿ ಕರಿಯರದೇ ಅಂಗಡಿ, ಕಾರ್ಖಾನೆಗಳನ್ನು ತೆರೆಯಲು ಹೊರಟಿತು. ಅವುಗಳಲ್ಲಿ ಉಡುಪು, ಟೋಪಿ ತಯಾರಿಸುವ ಘಟಕಗಳೂ ಇದ್ದವು. 1960ರ ದಶಕದ ಕೊನೆಗೆ ಅದೇ ಹಾರ್ಲೆಮ್ಮಿನಲ್ಲಿ ಪಶ್ಚಿಮ ಆಫ್ರಿಕಾದ ಮಾದರಿಯ ಸಡಿಲ ಅಂಗಿ 'ದಾಶಿಕಿ' ಹೊಲಿದು ಮಾರುವವರು ಎದ್ದರು. ಅದನ್ನು ತೊಟ್ಟು ಬೀದಿಗೆ ಬರುವುದೇ ಒಂದು ಘೋಷಣೆಯಾಗಿತ್ತು.

ನಮ್ಮಲ್ಲಿ ಖಾದಿ ಮಾಡಿದ ಕೆಲಸವೂ ಇದೇ ಜಾತಿಯದು. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿಗೆ ನೂಲುವುದು ರಾಜಕೀಯವೂ ಹೌದು, ಪ್ರಾರ್ಥನೆಯೂ ಹೌದು. 1936ರಲ್ಲಿ ಬಾರ್ಡೋಲಿಯಲ್ಲಿ ಅವರನ್ನು ಕಂಡ ಅಮೆರಿಕದ ಕರಿಯ ಧರ್ಮಗುರು ಹೋವರ್ಡ್ ಥರ್ಮನ್ ಅವರು ಗಾಂಧೀಜಿ ಸ್ವತಃ ನೂತ ನೂಲಿನ ಬಟ್ಟೆಯ ತುಂಡೊಂದನ್ನು ಕೇಳಿಕೊಂಡರು. ಮುಂದೆ ಅದು ಅವರ ಕೈಸೇರಿತು. ಥರ್ಮನ್ ಬರೆದ ಪುಸ್ತಕ ಮುಂದೆ ಕಿಂಗ್ ಅವರ ಮೇಲೆ ಪ್ರಭಾವ ಬೀರಿತು. ನಮ್ಮ ಜಿಲ್ಲೆಯ ಗರಗದಲ್ಲಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜದ ಖಾದಿಯನ್ನು ಸಿದ್ಧಪಡಿಸುವ ಹೆಣ್ಣುಮಕ್ಕಳಿಗೂ, ಹಾರ್ಲೆಮ್ಮಿನ ಗೋಡೆಗೆ ಕೌದಿ ಕಳಿಸಿದ ಸಿದ್ದಿ ಹೆಣ್ಣುಮಕ್ಕಳಿಗೂ ನಡುವೆ ಹೀಗೊಂದು ನೂಲಿನ ನಂಟು ಉಂಟು.

ಕಾನೂನಿನ ಮನ್ನಣೆ

ಕೌದಿ ಕೂಟ ಹುಟ್ಟುವ ಮೊದಲೇ ಸಿದ್ದಿಗಳ ಹಕ್ಕಿನ ಹೋರಾಟ ಫಲ ಕೊಡತೊಡಗಿತ್ತು. 2003ರ ಜನವರಿಯಿಂದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಿಲ್ಲೆಯ ಗಡಿ ದಾಟಿದರೆ ಆ ಮನ್ನಣೆ ಇರಲಿಲ್ಲ. ಕಿರವತ್ತಿಯ ಸಿದ್ದಿಗೆ ಸಿಕ್ಕಿದ್ದು ಕಲಘಟಗಿಯ ಸಿದ್ದಿಗೆ ಸಿಗುತ್ತಿರಲಿಲ್ಲ, ಇಬ್ಬರೂ ಒಂದೇ ಬಳಗದವರಾದರೂ. 2020ರ ತಿದ್ದುಪಡಿಯಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳೂ ಪಟ್ಟಿಗೆ ಸೇರಿದರು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರಾದರು.

ನಮ್ಮ ಸೀಮೆಗೆ ಇದರಿಂದ ಏನು

ಎರಡು ಸಂಘಗಳ ಚರಿತ್ರೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎರಡೂ ಕಡೆ ಮರ್ಯಾದೆ ಮೊದಲು ಬಂತು, ಮಾರುಕಟ್ಟೆ ಆಮೇಲೆ. ತನ್ನ ಕೈಯ ಕೆಲಸ ಕೀಳಲ್ಲ ಎಂದು ಹೊಲಿದವಳಿಗೇ ಅನಿಸದಿದ್ದರೆ ಕೊಳ್ಳುವವನಿಗೆ ಅನಿಸುವುದಿಲ್ಲ. ಆದರೆ ಮರ್ಯಾದೆಯೊಂದರಿಂದ ಸಂಘ ಬಾಳುವುದಿಲ್ಲ. ಆರ್ಡರು ಕೊಡುವವನ ಅಳತೆಗೆ ತನ್ನ ಕಸುಬನ್ನು ಪೂರ್ತಿ ಒಪ್ಪಿಸಿದರೆ, ಆತ ಬೇರೆ ಕಡೆ ಹೋದ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಕಸುಬಿನ ಗುರುತು ಉಳಿದರೆ ಬೆಲೆಯೂ ಉಳಿಯುತ್ತದೆ ಎಂಬುದನ್ನು ನಮ್ಮ ನೆರೆಯ ನವಲಗುಂದದ ಜಮಖಾನ ಬಲ್ಲದು. ಮನೆಯೊಳಗಿನ ಮಗ್ಗದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ನೇಯುವ ನವಿಲು, ಪಗಡೆ ಹಾಸಿನ ಚಿತ್ತಾರಗಳಿಗೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿದೆ. ಊರಿನ ಹೆಸರೇ ಅದರ ಬೆಲೆ. ಕೌದಿಗೆ ನಮ್ಮಲ್ಲಿ ಅಂಥದೇನೂ ಆಗಿಲ್ಲ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರಿಗೆ ಇಂದಿಗೂ ಸಿಗುವುದು ಕೂಲಿ, ಜೊತೆಗೆ ಒಂದಿಷ್ಟು ಜೋಳ. ಶಲವಡಿ, ಅಣ್ಣಿಗೇರಿ, ಕುಂದಗೋಳ ಕಡೆಯ ಸ್ತ್ರೀಶಕ್ತಿ ಸಂಘಗಳು ಉಳಿತಾಯ, ಸಾಲದ ಲೆಕ್ಕವನ್ನು ಚೆನ್ನಾಗಿ ಕಲಿತಿವೆ. ಆ ಲೆಕ್ಕದ ಪುಸ್ತಕದಲ್ಲಿಯೇ ಕೌದಿಗೊಂದು ಪುಟ ತೆರೆಯಬಹುದು: ಹೊಲಿದವಳ ಹೆಸರು, ಹಿಡಿದ ದಿನಗಳು, ದಿನಕ್ಕೆ ಹೊಲದ ಕೂಲಿಗೆ ಕಡಿಮೆಯಿಲ್ಲದ ಲೆಕ್ಕ, ಅದರ ಮೇಲೆ ಮಾರಾಟದ ಬೆಲೆ. ಕಲಘಟಗಿಯ ಸಿದ್ದಿ ಹೆಣ್ಣುಮಕ್ಕಳನ್ನು ಕರೆದು ಒಂದು ವಾರ ಜೊತೆಗೆ ಕೂತು ಹೊಲಿದರೆ, ಅಂಚಿನಿಂದ ನಡುವಿಗೆ ಬರುವ ಅವರ ಕ್ರಮವನ್ನು ನಮ್ಮವರೂ ಕಲಿಯಬಹುದು, ಇಳಕಲ್ ಸೀರೆಯ ಸೆರಗನ್ನು ಹಾಳಾಗದಂತೆ ಕೌದಿಗೆ ಕೂಡಿಸುವ ನಮ್ಮ ಜಾಣ್ಮೆಯನ್ನು ಅವರಿಗೂ ಹೇಳಿಕೊಡಬಹುದು. ಕಲಿತ ಮೇಲೆ ಎರಡೂ ಕಡೆಯವರು ತಮ್ಮ ತಮ್ಮ ಹೆಸರಿನಲ್ಲಿಯೇ ಮಾರಲಿ. ಹುಬ್ಬಳ್ಳಿ, ಧಾರವಾಡದ ಗಿರಾಕಿ ಕೌದಿಯ ಬೆಲೆ ಕೇಳುವ ಮೊದಲು ಇದನ್ನು ಹೊಲಿದವರು ಯಾರು ಎಂದು ಕೇಳುವಂತಾದರೆ, ಸಿದ್ದಿ ಹೆಣ್ಣುಮಕ್ಕಳು 2004ರಲ್ಲಿ ಶುರುಮಾಡಿದ ಕೆಲಸ ಯರಿಭೂಮಿಯಲ್ಲಿಯೂ ಬೇರು ಬಿಟ್ಟಿತೆಂದು ತಿಳಿಯಬಹುದು.